ಎಣಿಸಿದ್ದು ಯಾರಿಗಾಗಿ?

ಅಹಮದಾಬಾದಿನ ಬಟ್ಟೆ ಮಾರುಕಟ್ಟೆಯಲ್ಲಿ ತಲೆಯ ಮೇಲೆ ಹೊರೆ ಸಾಗಿಸುವ ಹೆಂಗಸರಿಗೆ 1971ರ ಸುಮಾರಿಗೆ ಕೂಲಿ ಸಿಗುತ್ತಿದ್ದುದು ಖೇಪಿನ ಲೆಕ್ಕದಲ್ಲಿ. ಹೊರೆ ಎಷ್ಟು ಭಾರ, ಅಂಗಡಿ ಎಷ್ಟು ದೂರ ಎಂಬುದನ್ನು ಯಾರೂ ನೋಡುತ್ತಿರಲಿಲ್ಲ. ಖೇಪುಗಳನ್ನು ಬರೆದಿಡುವವರೂ ಇರಲಿಲ್ಲ. ಹಾಗಾಗಿ ಬರಬೇಕಾದ ದುಡ್ಡೂ ಎಷ್ಟೋ ಸಲ ಪೂರ್ತಿ ಬರುತ್ತಿರಲಿಲ್ಲ. ಜವಳಿ ಕಾರ್ಮಿಕರ ಸಂಘದ ಮಹಿಳಾ ವಿಭಾಗದಲ್ಲಿದ್ದ ಇಳಾ ಭಟ್ ಇದನ್ನು ಪತ್ರಿಕೆಯಲ್ಲಿ ಬರೆದರು. ವ್ಯಾಪಾರಿಗಳು ಸುಮ್ಮನಿದ್ದಾರೆಯೆ? ತಾವು ನ್ಯಾಯವಾದ ಕೂಲಿಯನ್ನೇ ಕೊಡುತ್ತಿದ್ದೇವೆಂದು ಅವರೂ ಪತ್ರಿಕೆಯಲ್ಲೇ ಉತ್ತರ ಕೊಟ್ಟರು. ಮಹಿಳಾ ವಿಭಾಗದವರು ಆ ಉತ್ತರವನ್ನೇ ಚಿಕ್ಕ ಕಾರ್ಡುಗಳಲ್ಲಿ ಅಚ್ಚು ಹಾಕಿಸಿ ಹೊರೆಯಾಳುಗಳ ಕೈಗೆ ಹಂಚಿಬಿಟ್ಟರು. ನೀವೇ ಹೇಳಿದ್ದಲ್ಲವೆ, ಹಾಗಾದರೆ ಕೊಡಿ ಎಂದು ಕೇಳಲು ಆ ಕಾರ್ಡು ಸಾಕಾಗಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಹುಟ್ಟಿ, 1972ರ ಏಪ್ರಿಲಿನಲ್ಲಿ ಕಾರ್ಮಿಕ ಸಂಘವಾಗಿ ನೋಂದಣಿಯಾದದ್ದು ‘ಸೇವಾ’.

ಸ್ವಯಂಸೇವಾ ಸಂಸ್ಥೆಗಳ ಸಭೆಗಳಲ್ಲಿ ಈಗ ಎಲ್ಲರ ಬಾಯಲ್ಲೂ ಇರುವ ‘ಡೇಟಾ ಸ್ಟ್ರಾಟಜಿ’ಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಯಾವ ಮಾಹಿತಿ ಬೇಕು, ಯಾರಿಂದ ಪಡೆಯಬೇಕು, ಅದು ಯಾರ ಕೈಯಲ್ಲಿರಬೇಕು, ಅದನ್ನು ನೋಡಿ ಏನನ್ನು ತೀರ್ಮಾನಿಸಬೇಕು, ಕೆಲಸ ಮುಗಿದ ಮೇಲೆ ಅದನ್ನು ಏನು ಮಾಡಬೇಕು, ಇಷ್ಟನ್ನು ಮೊದಲೇ ಯೋಚಿಸಿಟ್ಟುಕೊಳ್ಳುವುದು. ಕಂಪ್ಯೂಟರಿನ ಮಾತು ಆಮೇಲಿನದು.

ನಾನು ಹುಬ್ಬಳ್ಳಿಯವಳು. ಮದುವೆಯಾಗಿ ವಡೋದರಾಕ್ಕೆ ಬಂದೆ. ಓದಿದ್ದು ಬಿ.ಕಾಂ. ಆದ್ದರಿಂದ ಮೊದಲು ಒಂದು ಸಣ್ಣ ಸಂಸ್ಥೆಯ ಜಮಾಖರ್ಚು ನೋಡುತ್ತಿದ್ದವಳು, ನೋಡನೋಡುತ್ತ ಅಂಥ ಹಲವು ಸಂಸ್ಥೆಗಳ ದಾಖಲೆ ಸರಿಪಡಿಸಿಕೊಡುವವಳಾದೆ. ಇಲ್ಲಿ ಎಲ್ಲರೂ ನನ್ನನ್ನು ‘ಬೆನ್’, ಅಂದರೆ ಸೋದರಿ, ಎನ್ನುತ್ತಾರೆ, ನಾನೂ ಎಲ್ಲರನ್ನೂ ಹಾಗೇ ಕರೆಯುತ್ತೇನೆ. ಆ ‘ಬೆನ್’ನಿಂದಲೇ ನನ್ನ ಕೆಲಸ ಶುರು. ಒಂದು ರಿಜಿಸ್ಟರಿನಲ್ಲಿ ಮಂಜುಲಾ, ಇನ್ನೊಂದರಲ್ಲಿ ಮಂಜುಲಾಬೆನ್, ಮೂರನೆಯದರಲ್ಲಿ ಮಧ್ಯೆ ಅಪ್ಪನ ಹೆಸರು, ಮದುವೆಯಾದ ಮೇಲೆ ಅಲ್ಲೇ ಗಂಡನ ಹೆಸರು, ಅಡ್ಡಹೆಸರು ಒಮ್ಮೆ ಮೊದಲಿಗೆ, ಒಮ್ಮೆ ಕೊನೆಗೆ. ಹೊಲಿಗೆ ತರಬೇತಿಗೂ ಆರೋಗ್ಯ ಶಿಬಿರಕ್ಕೂ ಬಂದ ಒಬ್ಬಳೇ ಹೆಂಗಸು ವಾರ್ಷಿಕ ವರದಿಯಲ್ಲಿ ಮೂವರು ‘ಫಲಾನುಭವಿ’ಗಳಾಗಿ ಕೂತಿರುತ್ತಾಳೆ. ವಯಸ್ಸಿನ ಕಾಲಂ ನೋಡಿದರೆ ಇನ್ನೂ ಮಜಾ. 30, 35, 40, 45. ಈ ಊರಿನಲ್ಲಿ ಯಾರೂ 37ನೇ ವರ್ಷಕ್ಕೆ ಕಾಲಿಡುವುದೇ ಇಲ್ಲವೇನೋ! ಜನಗಣತಿಯವರಿಗೂ ಇದು ಹಳೆಯ ತಲೆನೋವು. ವಯಸ್ಸು ಸರಿಯಾಗಿ ಗೊತ್ತಿಲ್ಲದ ಕಡೆ ಉತ್ತರಗಳು ಸೊನ್ನೆಗೋ ಐದಕ್ಕೋ ಹೋಗಿ ಅಂಟಿಕೊಳ್ಳುತ್ತವೆ.

ಹೆಸರಿನ ಗೋಜಲಿಗೆ ‘ಸೇವಾ’ ಆಗಲೇ ಒಂದು ದಾರಿ ಕಂಡುಕೊಂಡಿತ್ತು. 1974ರಲ್ಲಿ ನಾಲ್ಕು ಸಾವಿರ ಹೆಂಗಸರು ತಲಾ ಹತ್ತು ರೂಪಾಯಿ ಷೇರು ಹಣ ಹಾಕಿ ಸಹಕಾರಿ ಬ್ಯಾಂಕು ಕಟ್ಟಿದರು. ಬಹಳಷ್ಟು ಜನಕ್ಕೆ ಸಹಿ ಬರುತ್ತಿರಲಿಲ್ಲ. ಖಾತೆಯ ನಂಬರು ಬರೆದ ಸ್ಲೇಟನ್ನು ಅವರ ಕೈಗೆ ಕೊಟ್ಟು ಫೋಟೊ ತೆಗೆದರು. ಮುಖ, ನಂಬರು ಒಂದೇ ಚಿತ್ರದಲ್ಲಿ. ಇಂದಿಗೂ ನಾನು ಸಂಸ್ಥೆಗಳಿಗೆ ಮೊದಲು ಹೇಳುವುದು ಇದನ್ನೇ: ಒಬ್ಬ ವ್ಯಕ್ತಿಗೆ ಒಂದೇ ನಂಬರು ಕೊಡಿ, ಎಲ್ಲ ಕಾರ್ಯಕ್ರಮಗಳಲ್ಲೂ ಅದೇ ನಡೆಯಲಿ. ಆಧಾರ್ ಜೆರಾಕ್ಸುಗಳನ್ನು ಕಟ್ಟುಕಟ್ಟಾಗಿ ಬೀರುವಿನಲ್ಲಿ ಪೇರಿಸಿಡುವುದಕ್ಕಿಂತ ಇದು ಎಷ್ಟೋ ಮೇಲು.

ಎರಡನೆಯದು ಪ್ರಶ್ನೆ ಕೇಳುವ ರೀತಿ. ಸೂರತ್ತಿನ ಒಂದು ಓಣಿಯಲ್ಲಿ ಸಮೀಕ್ಷೆಯ ಹುಡುಗಿಯ ಜೊತೆ ಹೋಗಿದ್ದೆ. ಬಾಗಿಲಲ್ಲೇ ಕೂತಿದ್ದ ಹೆಂಗಸಿನ ತೊಡೆಯ ಮೇಲೆ ಸೀರೆ ಹರಡಿಕೊಂಡಿತ್ತು. ಬೆರಳ ತುದಿಯಿಂದ ಒಂದೊಂದೇ ಹರಳು ಎತ್ತಿ ಅಂಟಿಸುತ್ತಿದ್ದಳು.

“ಬೆನ್, ನೀವು ಕೆಲಸ ಮಾಡುತ್ತೀರಾ?” ಎಂದು ಕೇಳಿದಳು ಹುಡುಗಿ.

“ಇಲ್ಲ ಬೆನ್, ಮನೆಯಲ್ಲೇ ಇರುತ್ತೇನೆ” ಎಂದಳು ಆಕೆ. ಕೈ ಮಾತ್ರ ನಿಲ್ಲಲಿಲ್ಲ.

ಹುಡುಗಿ ‘ಗೃಹಿಣಿ’ ಎಂದು ಟಿಕ್ ಹಾಕಿದಳು. ಫಾರ್ಮಿನ ಪ್ರಕಾರ ಅದು ತಪ್ಪೇನಲ್ಲ. ನಿನ್ನೆ ಬೆಳಿಗ್ಗೆ ಎದ್ದಲ್ಲಿಂದ ಏನೇನು ಮಾಡಿದಿರಿ ಎಂದು ಕೇಳಿದ್ದರೆ ಸೀರೆ, ಹರಳು, ಸೀರೆ ತಂದುಕೊಡುವ ದಲ್ಲಾಳಿ, ಒಂದು ಸೀರೆಗೆ ಸಿಗುವ ದರ ಎಲ್ಲ ಹೊರಗೆ ಬರುತ್ತಿತ್ತು. ತಿಂಗಳ ಆದಾಯ ಕೇಳುವುದೂ ಹೀಗೇ. ಅಹಮದಾಬಾದಿನಲ್ಲಿ ಉತ್ತರಾಯಣಕ್ಕಾಗಿ ಗಾಳಿಪಟ ಮಾಡುವವರಿಗೆ ಸಾವಿರಕ್ಕಿಷ್ಟು ಎಂಬ ದರವಿದೆ. ಜನವರಿ 14 ಕಳೆದರೆ ಕೆಲಸ ಕುಸಿಯುತ್ತದೆ. ಅವರ ‘ಮಾಸಿಕ ಆದಾಯ’ವೆಂದು ಬರೆದುಕೊಂಡ ಅಂಕಿಯಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಲೆಕ್ಕಕ್ಕೇ ಬಾರದ ಇಂಥ ಹೆಂಗಸರ ವಿಷಯವನ್ನು ದೇಶದ ಮುಂದಿಟ್ಟದ್ದು ಇಳಾ ಭಟ್ ಅಧ್ಯಕ್ಷತೆಯ ರಾಷ್ಟ್ರೀಯ ಆಯೋಗದ 1988ರ ‘ಶ್ರಮಶಕ್ತಿ’ ವರದಿ. ಮನೆಯಲ್ಲೇ ಕೂತು ದುಡಿಯುವವರ ಬಗ್ಗೆ 1996ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಒಪ್ಪಂದ ಮಾಡಿದ್ದರ ಹಿಂದೆಯೂ ‘ಸೇವಾ’ದ ಓಡಾಟವಿತ್ತು.

ಈಗ ನಮ್ಮ ವಡೋದರಾಕ್ಕೆ ಬರುತ್ತೇನೆ. ಈ ಊರಿನವರಿಗೇ ಅಷ್ಟಾಗಿ ಗೊತ್ತಿಲ್ಲದ ಕಥೆ. ಮುಂಬೈಯಲ್ಲಿ ಹುಟ್ಟಿದ ‘ಪ್ರಥಮ್’ ಸಂಸ್ಥೆ ಇಲ್ಲಿನ ನಗರಪಾಲಿಕೆ ಶಾಲೆಗಳಿಗೆ ‘ಬಾಲಸಖಿ’ಯರನ್ನು ಕಳಿಸುತ್ತಿತ್ತು. ಅದೇ ಬಡಾವಣೆಯ, ಶಾಲೆ ಮುಗಿಸಿದ ಯುವತಿಯರು. ತಿಂಗಳಿಗೆ 500ರಿಂದ 750 ರೂಪಾಯಿ. ಹಿಂದುಳಿದ ಹದಿನೈದು ಇಪ್ಪತ್ತು ಮಕ್ಕಳನ್ನು ದಿನಕ್ಕೆ ಎರಡು ಗಂಟೆ ತರಗತಿಯಿಂದ ಹೊರಗೆ ಕರೆದುಕೊಂಡು ಹೋಗಿ ಅಕ್ಷರ, ಅಂಕಿ ತಿದ್ದಿಸುವುದು. ಅಗತ್ಯವೆಷ್ಟಿತ್ತು ಎಂದರೆ, ಮೂರನೇ ತರಗತಿಯಲ್ಲಿದ್ದ ಮಕ್ಕಳಲ್ಲಿ ಒಂದನೇ ತರಗತಿಯ ಗಣಿತಕ್ಕೆ ಸರಿಯುತ್ತರ ಕೊಟ್ಟವರು ಶೇ 19.5 ಮಾತ್ರ.

ಬೇರೆ ಸಂಸ್ಥೆಯಾಗಿದ್ದರೆ ಎಷ್ಟು ಬಾಲಸಖಿಯರು, ಎಷ್ಟು ಮಕ್ಕಳು ಎಂದು ಎಣಿಸಿ, ಬಣ್ಣದ ಫೋಟೊ ಹಾಕಿ ವರದಿ ಮುಗಿಸುತ್ತಿತ್ತು. ‘ಪ್ರಥಮ್’ ಮಾತ್ರ ತನ್ನ ಕೆಲಸವನ್ನು ಹೊರಗಿನವರ ಪರೀಕ್ಷೆಗೆ ಒಡ್ಡಿತು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಅವರ ಜೊತೆಗಾರರು 2001ರಲ್ಲಿ ಶಾಲೆಗಳನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. ಒಂದು ಪಾಲಿನ ಶಾಲೆಗಳಲ್ಲಿ ಮೂರನೇ ತರಗತಿಗೆ ಬಾಲಸಖಿ, ಇನ್ನೊಂದರಲ್ಲಿ ನಾಲ್ಕನೆಯದಕ್ಕೆ. ಮರುವರ್ಷ ಅದಲುಬದಲು. ಯಾವ ಶಾಲೆಯೂ ಬರಿಗೈಯಲ್ಲಿ ಕೂರಲಿಲ್ಲ, ಹೋಲಿಸಿ ನೋಡಲು ಜೋಡಿಯೂ ಸಿಕ್ಕಿತು. ಬಾಲಸಖಿಯ ಬಳಿ ಹೋದ ಮಕ್ಕಳು ಸುಧಾರಿಸಿದರು. ಅವರು ಎದ್ದುಹೋದದ್ದರಿಂದ ತರಗತಿ ಸಣ್ಣದಾಗಿ, ಟೀಚರ ಹತ್ತಿರವೇ ಉಳಿದ ಮಕ್ಕಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಅಂದರೆ ಕೆಲಸ ಮಾಡಿದ್ದು ಮಕ್ಕಳ ಮಟ್ಟಕ್ಕೆ ಇಳಿದು ಕಲಿಸಿದ ರೀತಿ, ತರಗತಿಯ ತಲೆ ಎಣಿಕೆಯಲ್ಲ. ಕಾರ್ಯಕ್ರಮ ಮುಗಿದು ವರ್ಷ ಕಳೆದಾಗ ಲಾಭ ಬಹಳಷ್ಟು ಕರಗಿತ್ತು ಎಂಬುದನ್ನೂ ಅವರು ಮುಚ್ಚಿಡಲಿಲ್ಲ.

ಆ ಶಾಲೆಗಳಲ್ಲಿ ಸರಕಾರ ಕೊಟ್ಟ ಕಂಪ್ಯೂಟರುಗಳೂ ಇದ್ದವು, ಶಾಲೆಗೆ ನಾಲ್ಕರಂತೆ. ಚಿಕ್ಕ ಮಕ್ಕಳು ಅವನ್ನು ಬಳಸುತ್ತಿದ್ದುದು ಅಪರೂಪವೆಂದು ಗೊತ್ತಾದ ಮೇಲೆ ‘ಪ್ರಥಮ್’ ವಾರಕ್ಕೆ ಎರಡು ಗಂಟೆ ಗಣಿತದ ಆಟ ಆಡಿಸಿತು. ಗಣಿತದ ಅಂಕಗಳು ಚೆನ್ನಾಗಿಯೇ ಏರಿದವು.

2005ರಲ್ಲಿ ‘ಪ್ರಥಮ್’ ಶುರುಮಾಡಿದ ‘ಅಸರ್’ ಸಮೀಕ್ಷೆ ನಿಮ್ಮೂರಿಗೂ ಬಂದಿರಬಹುದು. ಅಕ್ಷರ, ಪದ, ಚಿಕ್ಕ ಪ್ಯಾರಾ, ಒಂದು ಕಥೆ. ಮಗು ಮನೆಯಲ್ಲಿ ಕೂತು ಓದುತ್ತದೆ, ಅಪ್ಪ ಅಮ್ಮ ಪಕ್ಕದಲ್ಲೇ ನಿಂತು ನೋಡುತ್ತಾರೆ. ಅಕ್ಷರ ಬಾರದ ತಾಯಿಗೂ ಅರ್ಥವಾಗುವ ಅಳತೆ ಇದು. ಬ್ಯಾನರ್ಜಿ, ಡುಫ್ಲೊ ಅವರಿಗೆ 2019ರಲ್ಲಿ ಮೈಕಲ್ ಕ್ರೆಮರ್ ಜೊತೆ ನೊಬೆಲ್ ಬಂದಾಗ ನಮ್ಮ ಬಡಾವಣೆಯಲ್ಲಿ ಯಾರೂ ಪಟಾಕಿ ಹಚ್ಚಲಿಲ್ಲ. ಹಚ್ಚಬಹುದಿತ್ತು.

ಇನ್ನು ಎಣಿಸುವವರಿಗೆ ದುಡ್ಡು ಕೊಡುವವರು ಯಾರು ಎಂಬ ಪ್ರಶ್ನೆ. ಸಂಸ್ಥೆಗಳವರು ಇದನ್ನು ಎತ್ತಲು ಹಿಂಜರಿಯುತ್ತಾರೆ, ಅದಕ್ಕೇ ಕಾರ್ಖಾನೆಗಳ ಉದಾಹರಣೆ ಕೊಡುತ್ತೇನೆ. ಗುಜರಾತಿನ ಕಾರ್ಖಾನೆಗಳು ತಮ್ಮ ಮಾಲಿನ್ಯದ ಆಡಿಟರನ್ನು ತಾವೇ ಆರಿಸಿ, ತಾವೇ ಶುಲ್ಕ ಕೊಡುತ್ತಿದ್ದವು. ಚಿಮಣಿ ಹೊಗೆಯ ದೂಳಿನ ಮಿತಿ 150 ಇದ್ದರೆ ಹೆಚ್ಚಿನ ವರದಿಗಳು ಅದಕ್ಕಿಂತ ಒಂದಿಷ್ಟೇ ಕೆಳಗೆ ಗುಂಪುಗೂಡುತ್ತಿದ್ದವು. 2009ರಿಂದ ಎರಡು ವರ್ಷ ಸಂಶೋಧಕರು ಅಹಮದಾಬಾದ್ ಮತ್ತು ಸೂರತ್ ಭಾಗದ 473 ಕಾರ್ಖಾನೆಗಳ ಪೈಕಿ ಒಂದು ಪಾಲಿಗೆ ಆಡಿಟರರನ್ನು ಲಾಟರಿಯಿಂದ ಹಂಚಿ, ಸಂಬಳವನ್ನು ಒಂದು ಸಾಮಾನ್ಯ ನಿಧಿಯಿಂದ ಕೊಟ್ಟು, ಆಗಾಗ ಮರುಪರೀಕ್ಷೆ ಮಾಡಿಸಿದರು. ಮಿತಿಯೊಳಗಿದೆ ಎಂಬ ಸುಳ್ಳು ವರದಿ ಶೇ 80ರಷ್ಟು ಇಳಿಯಿತು. ಆಡಿಟರರು ಸತ್ಯ ಹೇಳತೊಡಗಿದ ಮೇಲೆ ಕಾರ್ಖಾನೆಗಳೂ ಮಾಲಿನ್ಯ ತಗ್ಗಿಸಿದವು.

ನಮ್ಮ ಸಂಸ್ಥೆಗಳ ಕಥೆ ಬೇರೆಯೇನಲ್ಲ. 2021ರ ತಿದ್ದುಪಡಿಯ ನಂತರ ದೊಡ್ಡ ಕಂಪನಿಗಳು ಒಂದು ಕೋಟಿ ರೂಪಾಯಿ ಅಥವಾ ಅದಕ್ಕೂ ಮೇಲ್ಪಟ್ಟ ಸಾಮಾಜಿಕ ಹೊಣೆಗಾರಿಕೆ (ಸಿಎಸ್‌ಆರ್) ಯೋಜನೆಗಳ ಪರಿಣಾಮವನ್ನು ಸ್ವತಂತ್ರ ಸಂಸ್ಥೆಯಿಂದ ಅಳೆಸಬೇಕು. ಒಳ್ಳೆಯದೇ. ಆದರೆ ಆ ಅಳತೆಗೆ ಅಂಕಿ ಹೋಗುವುದು ಓಣಿ ಓಣಿ ತಿರುಗುವ ಕಾರ್ಯಕರ್ತೆಯ ರಿಜಿಸ್ಟರಿನಿಂದ. ಗುರಿ ಮುಟ್ಟದಿದ್ದರೆ ಅವಳ ಗುತ್ತಿಗೆ ಮುಂದುವರಿಯುವುದಿಲ್ಲ. ಗುರಿ ಕೊಟ್ಟವರೇ ಎಣಿಕೆಯನ್ನೂ ಅವಳಿಗೇ ಒಪ್ಪಿಸಿದರೆ ಹಾಜರಿ ಪುಸ್ತಕ ಯಾವಾಗಲೂ ತುಂಬಿಯೇ ಇರುತ್ತದೆ. ನಾನು ಮಾಡಿಸುವುದು ಇಷ್ಟೇ: ತಿಂಗಳಿಗೊಮ್ಮೆ ಬೇರೆ ಬಡಾವಣೆಯ ಕಾರ್ಯಕರ್ತೆ ಬಂದು ಹತ್ತು ಮನೆಗಳ ಬಾಗಿಲು ತಟ್ಟಿ ಕೇಳಬೇಕು. ತಪ್ಪು ಸಿಕ್ಕರೆ ಯಾರಿಗೂ ದಂಡವಿಲ್ಲ. ಜೊತೆಗೆ, ಯಾವ ತೀರ್ಮಾನಕ್ಕೂ ಬಾರದ ಕಾಲಂಗಳನ್ನು ಹೊಡೆದುಹಾಕುತ್ತೇನೆ. ಎರಡು ಪುಟದ ಫಾರ್ಮು ಅರ್ಧ ಪುಟಕ್ಕೆ ಬಂದರೆ ಕಾರ್ಯಕರ್ತೆಯರ ಮುಖವೇ ಬೇರೆಯಾಗುತ್ತದೆ. ಡ್ಯಾಶ್‌ಬೋರ್ಡ್ ಬೇಕೆಂದು ಕೇಳುವವರೂ ಇದ್ದಾರೆ. ಒಂದು ಕಡೆ ಭಾರಿ ಖರ್ಚಿನಲ್ಲಿ ಮಾಡಿಸಿದ ಡ್ಯಾಶ್‌ಬೋರ್ಡಿನ ಪಾಸ್‌ವರ್ಡು, ಕೆಲಸ ಬಿಟ್ಟುಹೋದ ಹುಡುಗನೊಬ್ಬನಿಗೆ ಮಾತ್ರ ಗೊತ್ತಿತ್ತು.

ಕೊನೆಯದು, ಕೂಡಿಟ್ಟ ಮಾಹಿತಿಯನ್ನು ಏನು ಮಾಡಬೇಕೆಂಬುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ದಾನಧರ್ಮದ ಸಂಸ್ಥೆ ಎಂದು ಯಾರಿಗೂ ಮಾಫಿ ಕೊಟ್ಟಿಲ್ಲ. ಮಾಹಿತಿ ಏಕೆ ಬೇಕೆಂದು ಮೊದಲೇ ತಿಳಿಸಬೇಕು, ಒಪ್ಪಿಗೆ ಪಡೆಯಬೇಕು, ಕೆಲಸ ಮುಗಿದ ಮೇಲೆ ಅಳಿಸಬೇಕು. ಆ ತಿಳಿವಳಿಕೆ ಪತ್ರವನ್ನು ಗುಜರಾತಿಯಲ್ಲೋ ಕನ್ನಡದಲ್ಲೋ ಓದುವ ಆಯ್ಕೆಯನ್ನೂ ಜನರಿಗೆ ಕೊಡಬೇಕು.

ಕರ್ನಾಟಕದಲ್ಲಿ ನೀವು ಯಾವುದಾದರೂ ಸಂಸ್ಥೆಗೆ ದೇಣಿಗೆ ಕೊಡುವವರಾಗಿದ್ದರೆ, ಎಷ್ಟು ಜನರನ್ನು ಮುಟ್ಟಿದಿರಿ ಎಂದು ಕೇಳಬೇಡಿ. ಹೋದ ವರ್ಷದ ಲೆಕ್ಕ ನೋಡಿ ಯಾವ ಕೆಲಸ ನಿಲ್ಲಿಸಿದಿರಿ, ಯಾವುದನ್ನು ಬದಲಾಯಿಸಿದಿರಿ ಎಂದು ಕೇಳಿ. ಆ ಲೆಕ್ಕವನ್ನು ಓಣಿಯ ಜನಕ್ಕೆ ಓದಿ ಹೇಳಿದಿರಾ ಎಂದೂ ಕೇಳಿ. ನಿಮ್ಮ ಹಣದಲ್ಲಿ ಒಂದು ಪಾಲನ್ನು ದಾಖಲೆ ಬರೆಯುವವಳ ಸಂಬಳಕ್ಕೆಂದೇ ತೆಗೆದಿಡಲು ಹೇಳಿ. ನಾನು ಕಂಡಂತೆ ಆ ಬಾಬತ್ತಿಗೆ ದುಡ್ಡು ಕೊಡುವವರು ತೀರ ಕಡಿಮೆ.