ಬ್ರೇಕು ಒತ್ತಿದಾಗ ಕಾರು ಒಂದು ಪಕ್ಕಕ್ಕೆ ಎಳೆಯುವುದೇಕೆ?

ನೇರವಾಗಿ ಸಾಗುತ್ತಿರುವ ಕಾರು ಬ್ರೇಕು ಒತ್ತಿದೊಡನೆ ಎಡಕ್ಕೋ ಬಲಕ್ಕೋ ಎಳೆಯುವುದು ಚಾಲಕರೆಲ್ಲರೂ ಬಲ್ಲ ದೋಷ. ಎಡಕ್ಕೆ ಎಳೆದರೆ ಎಡಗಡೆಯ ಬ್ರೇಕು ಕೆಟ್ಟಿದೆಯೆಂದು ಭಾವಿಸುವುದು ವಾಡಿಕೆ. ಈ ಊಹೆ ಅನೇಕ ವೇಳೆ ತಪ್ಪು. ಊಹೆಯನ್ನು ನಂಬಿ ಸರಿಯಿರುವ ಬ್ರೇಕನ್ನು ಬಿಚ್ಚಿದರೆ ನಿಜವಾದ ದೋಷ ಹಾಗೆಯೇ ಉಳಿದು, ಮಳೆಯ ದಿನ ಜಾರುವ ರಸ್ತೆಯಲ್ಲಿ ಪ್ರಾಣಕ್ಕೇ ಎರವಾಗಬಹುದು. ಇಲ್ಲಿ ನಾವು ಮೊದಲು ಎಳೆತದ ಕಾರಣವನ್ನು ವಿವರಿಸಿ, ಅನಂತರ ದೋಷ ಎಲ್ಲಿದೆಯೆಂದು ನಿರ್ಧರಿಸುವ ಕ್ರಮವನ್ನು ನಿರೂಪಿಸುತ್ತೇವೆ.

ಮುಂದಿನ ಎರಡು ಚಕ್ರಗಳ ನಡುವಣ ಅಂತರ 1.4 ಮೀಟರ್ ಎಂದಿಟ್ಟುಕೊಳ್ಳೋಣ. ಆಗ ಪ್ರತಿಯೊಂದು ಚಕ್ರವೂ ಮಧ್ಯರೇಖೆಯಿಂದ 0.7 ಮೀಟರ್ ದೂರದಲ್ಲಿರುತ್ತದೆ. ಬ್ರೇಕು ಒತ್ತಿದಾಗ ಎಡಚಕ್ರದ ಮೇಲಿನ ತಡೆ 3000 ನ್ಯೂಟನ್, ಬಲಚಕ್ರದ ಮೇಲಿನ ತಡೆ 2400 ನ್ಯೂಟನ್ ಎನ್ನೋಣ. ವ್ಯತ್ಯಾಸವಾದ 600ನ್ನು 0.7ರಿಂದ ಗುಣಿಸಿದರೆ 420 ನ್ಯೂಟನ್-ಮೀಟರ್. ಕಾರನ್ನು ಎಡಕ್ಕೆ ತಿರುಗಿಸುವ ಪರಿಣಾಮ ಇಷ್ಟು. ಈ ಲೆಕ್ಕದಲ್ಲಿ ಮುಖ್ಯವಾದುದು ವ್ಯತ್ಯಾಸವೊಂದೇ. ಎಡಗಡೆಯ ತಡೆ ಹೆಚ್ಚಿತೋ, ಬಲಗಡೆಯ ತಡೆ ಕುಂದಿತೋ ಎಂಬುದನ್ನು ಎಳೆತವು ತಾನಾಗಿ ಹೇಳಲಾರದು. ಆದರೆ ಬ್ರೇಕಿನ ಶಕ್ತಿ ತಾನೇ ಹೆಚ್ಚುವುದಕ್ಕಿಂತ ಕುಂದುವುದೇ ಸಾಮಾನ್ಯ. ಆದುದರಿಂದ ಕಾರು ಎಡಕ್ಕೆ ಎಳೆದಾಗ ಮೊದಲು ಶಂಕಿಸತಕ್ಕದ್ದು ಬಲಗಡೆಯನ್ನು.

ಹಿಂದೆ ಸರಳು ಮತ್ತು ತಂತಿಗಳಿಂದ ಬ್ರೇಕನ್ನು ಎಳೆಯುತ್ತಿದ್ದಾಗ ಎರಡು ಪಕ್ಕಗಳನ್ನು ಸರಿಹೊಂದಿಸುವುದೇ ಒಂದು ದೊಡ್ಡ ಕೆಲಸವಾಗಿತ್ತು. ಅಮೆರಿಕದ ಡ್ಯೂಸೆನ್‌ಬರ್ಗ್ ಕಾರು 1921ರಲ್ಲಿ ನಾಲ್ಕು ಚಕ್ರಗಳಿಗೂ ದ್ರವಚಾಲಿತ ಬ್ರೇಕುಗಳನ್ನು ಪಡೆದು ಬಂದಿತು. ಮುಚ್ಚಿದ ಪಾತ್ರೆಯ ದ್ರವದ ಮೇಲೆ ಹೇರಿದ ಒತ್ತಡ ಎಲ್ಲೆಡೆಗೂ ಸಮನಾಗಿ ಹರಡುತ್ತದೆಂಬ ಪಾಸ್ಕಲನ ನಿಯಮವೇ ಇದಕ್ಕೆ ಆಧಾರ. ಒಂದೇ ಕೊಳವೆ ಮಾರ್ಗದಿಂದ ಎಡಕ್ಕೂ ಬಲಕ್ಕೂ ಬರುವ ಒತ್ತಡ ಸಮನಾಗಿರುವಲ್ಲಿ ಎಳೆತವೆಲ್ಲಿಂದ ಬಂತು? ಸಮತೆ ಮುರಿಯುವ ಎಡೆಗಳು ನಾಲ್ಕು. ರಬ್ಬರ್ ಹೋಸಿನ ಒಳಪದರ ಉಬ್ಬಿ ಒತ್ತಡ ತಡವಾಗಿ ತಲುಪಬಹುದು. ಒತ್ತಡ ತಲುಪಿದರೂ ತುಕ್ಕು ಹಿಡಿದ ಪಿಸ್ಟನ್ನು ಅಥವಾ ಕ್ಯಾಲಿಪರಿನ ಜಾರುಪಿನ್ನು ಅಲುಗದಿರಬಹುದು. ಪಿಸ್ಟನ್ನು ಒತ್ತಿದರೂ ಪ್ಯಾಡಿಗೆ ಎಣ್ಣೆ ತಗುಲಿ ಘರ್ಷಣೆ ಕುಗ್ಗಿರಬಹುದು. ಇವೆಲ್ಲವೂ ಸರಿಯಿದ್ದು, ಲೋವರ್ ಆರ್ಮಿನ ಸವೆದ ಬುಷ್‌ನಿಂದಾಗಿ ಬ್ರೇಕಿನ ಹೊಡೆತಕ್ಕೆ ಚಕ್ರದ ದಿಕ್ಕೇ ಬದಲಾಗಬಹುದು.

ಡ್ರಮ್ ಬ್ರೇಕಿನಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಅಲ್ಲಿ ತಿರುಗುವ ಡ್ರಮ್ಮು ಒಂದು ಷೂವನ್ನು ತನ್ನೊಳಕ್ಕೆ ಸೆಳೆದುಕೊಂಡು ಒತ್ತಡವನ್ನು ಬೆಳೆಸುವುದರಿಂದ, ಲೈನರಿನ ಘರ್ಷಣೆಯಲ್ಲಿರುವ ಸಣ್ಣ ವ್ಯತ್ಯಾಸವೂ ದೊಡ್ಡದಾಗಿ ತೋರುತ್ತದೆ. 2014ರಲ್ಲಿ ತಯಾರಿಕೆ ನಿಂತ ಅಂಬಾಸಡರಿನ ಆರಂಭದ ಮಾದರಿಗಳಲ್ಲಿ ನಾಲ್ಕು ಚಕ್ರಗಳಿಗೂ ಡ್ರಮ್ಮುಗಳೇ ಇದ್ದುವು. ಡಿಸ್ಕ್ ಬ್ರೇಕಿಗೆ ಈ ಸ್ವಯಂವರ್ಧನ ಗುಣವಿಲ್ಲ.

ಇನ್ನು ಶೋಧನೆಯ ಕ್ರಮ. ಮೊದಲು ಟೈರುಗಳ ಗಾಳಿಯನ್ನು ಸರಿಪಡಿಸಿ, ಬ್ರೇಕು ಒತ್ತದೆಯೇ ಕಾರು ಎಳೆಯುವುದೋ ನೋಡಬೇಕು. ನಮ್ಮ ರಸ್ತೆಗಳು ನೀರು ಹರಿಯಲೆಂದು ಅಂಚಿನ ಕಡೆಗೆ ಇಳಿಜಾರಾಗಿರುವುದರಿಂದ, ಎಡಕ್ಕೆ ಚಲಿಸುವ ಕಾರು ಸಹಜವಾಗಿಯೇ ತುಸು ಎಡಕ್ಕೆ ವಾಲುವುದುಂಟು. ಆದುದರಿಂದ ಪರೀಕ್ಷೆಗೆ ಜನಸಂಚಾರವಿಲ್ಲದ ಸಮತಟ್ಟಾದ ಜಾಗ ಬೇಕು. ವೇಗ ಗಂಟೆಗೆ 30 ಕಿಲೋಮೀಟರ್ ಸಾಕು. ಸ್ಟಿಯರಿಂಗನ್ನು ಸಡಿಲವಾಗಿ ಹಿಡಿಯಬಹುದು, ಬಿಡಬಾರದು. ಒತ್ತಿದ ಕ್ಷಣದಲ್ಲಿ ಎಳೆದು ಮತ್ತೆ ನೇರವಾದರೆ ಒಂದು ಪಕ್ಕಕ್ಕೆ ಒತ್ತಡ ತಡವಾಗಿ ಬರುತ್ತಿದೆ. ಕಾಲು ತೆಗೆದ ಮೇಲೂ ಎಳೆತ ಉಳಿದರೆ ಎಳೆಯುವ ಪಕ್ಕದ ಬ್ರೇಕೇ ಬಿಡುತ್ತಿಲ್ಲ. ಕೆಲವು ಕಿಲೋಮೀಟರ್ ಓಡಿಸಿ ಮುಂಚಕ್ರಗಳ ಶಾಖವನ್ನು ಮುಟ್ಟದೆ ಅಳೆಯುವ ಉಷ್ಣಮಾಪಕದಿಂದ ಹೋಲಿಸಿದರೆ ತೀರ್ಮಾನ ಸುಲಭ: ತಂಪಾದ ಚಕ್ರ ದುಡಿಯುತ್ತಿಲ್ಲ, ವಿಪರೀತ ಬಿಸಿಯಾದುದು ಹಿಡಿದುಕೊಂಡಿದೆ.

ಹಿಡಿದುಕೊಂಡ ಚಕ್ರವನ್ನು ಜ್ಯಾಕಿನಿಂದ ಎತ್ತಿ ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ ಬ್ಲೀಡಿಂಗ್ ನಿಪ್ಪಲನ್ನು ಸಡಿಲಿಸಬೇಕು. ಚಕ್ರ ಒಡನೆಯೇ ಬಿಟ್ಟುಕೊಂಡರೆ ಒತ್ತಡ ಒಳಗೆ ಸಿಕ್ಕಿಕೊಂಡಿದೆ. ಒಂದೇ ಚಕ್ರದಲ್ಲಿ ಹೀಗಾದರೆ ಹೋಸನ್ನು ಶಂಕಿಸತಕ್ಕದ್ದು. ಬಿಡದಿದ್ದರೆ ದೋಷ ಪಿಸ್ಟನ್ನಿನಲ್ಲೋ ಜಾರುಪಿನ್ನಿನಲ್ಲೋ ಇದೆ. ಒಂದೇ ಕ್ಯಾಲಿಪರಿನ ಎರಡು ಪ್ಯಾಡುಗಳು ಅಸಮವಾಗಿ ಸವೆದಿರುವುದೂ ಇದಕ್ಕೆ ಸಾಕ್ಷಿ.

ಇಲ್ಲಿ ಒಂದು ವಿಶೇಷವನ್ನು ಹೇಳಬೇಕು. ಅನೇಕ ಕಾರುಗಳಲ್ಲಿ ಸುರಕ್ಷತೆಗಾಗಿ ಬ್ರೇಕಿನ ಮಾರ್ಗವನ್ನು ಕರ್ಣಾಕಾರವಾಗಿ ಎರಡು ಮಾಡಿರುತ್ತಾರೆ: ಎಡ ಮುಂಚಕ್ರದೊಡನೆ ಬಲ ಹಿಂಚಕ್ರ, ಬಲ ಮುಂಚಕ್ರದೊಡನೆ ಎಡ ಹಿಂಚಕ್ರ. ಒಂದು ಮಾರ್ಗ ಸೋತರೆ ಮುಂದೆ ಒಂದೇ ಚಕ್ರ ದುಡಿದು ಕಾರು ಬಲವಾಗಿ ಎಳೆಯಬೇಕಷ್ಟೆ. ಇದನ್ನು ತಗ್ಗಿಸಲು 1972ರ ಆಡಿ 80 ಕಾರಿನಲ್ಲಿ ಚಕ್ರ ಹೊರಳುವ ಅಕ್ಷವು ನೆಲವನ್ನು ಮುಟ್ಟುವ ಬಿಂದುವನ್ನು ಟೈರಿನ ಮಧ್ಯಕ್ಕಿಂತ ಹೊರಗೆ ಇಟ್ಟರು. ಹೆಚ್ಚು ತಡೆಗೊಂಡ ಚಕ್ರ ಆಗ ತಾನಾಗಿ ಒಳಮುಖವಾಗಿ ಹೊರಳಿ, ಎಳೆತಕ್ಕೆ ಎದುರಾಗಿ ಕಾರನ್ನು ನಡಸುತ್ತದೆ. ಇಂತಹ ಕಾರಿನಲ್ಲಿ ಎಳೆತ ಅಲ್ಪವೆಂದ ಮಾತ್ರಕ್ಕೆ ದೋಷವೂ ಅಲ್ಪವೆಂದು ಎಣಿಸಬಾರದು. ಪೆಡಲು ಎಂದಿಗಿಂತ ಕೆಳಕ್ಕೆ ಇಳಿಯುವುದೋ, ಎಚ್ಚರಿಕೆಯ ದೀಪ ಉರಿಯುವುದೋ ನೋಡಲೇಬೇಕು.

ದುರಸ್ತಿಯಲ್ಲಿ ಎರಡು ನಿಯಮಗಳುಂಟು. ಪ್ಯಾಡುಗಳನ್ನೂ ಲೈನರುಗಳನ್ನೂ ಎರಡು ಪಕ್ಕಗಳಿಗೂ ಒಟ್ಟಿಗೆ ಬದಲಿಸತಕ್ಕದ್ದು. ಎಣ್ಣೆ ತಗುಲಿದ್ದರೆ ಅದು ಸೋರುವ ಎಡೆಯನ್ನು ಮೊದಲು ಮುಚ್ಚತಕ್ಕದ್ದು. ಎರಡನೆಯದು ಇನ್ನೂ ಮುಖ್ಯ. ಡ್ರಮ್ ಬ್ರೇಕುಗಳಲ್ಲಿ ಬಲವಾಗಿ ಹಿಡಿಯುವ ಪಕ್ಕವನ್ನು ಸಡಿಲಿಸಿ ಎಳೆತವನ್ನು ನಿಲ್ಲಿಸುವ ಅಭ್ಯಾಸವುಂಟು. ಆಗ ನಮ್ಮ ಉದಾಹರಣೆಯ 3000ವೂ 2400ಕ್ಕೆ ಇಳಿದು ವ್ಯತ್ಯಾಸ ಸೊನ್ನೆಯಾಗುತ್ತದೆ. ಕಾರು ನೇರವಾಗಿ ನಿಲ್ಲುತ್ತದೆ. ಆದರೆ 6000 ನ್ಯೂಟನ್ ಇರಬೇಕಾದ ಒಟ್ಟು ತಡೆ 4800 ಮಾತ್ರ ಆಗಿ, ನಿಲ್ಲಲು ಬೇಕಾದ ದೂರ ಬೆಳೆಯುತ್ತದೆ. ಲಕ್ಷಣ ಮಾಯವಾದರೂ ರೋಗ ಎರಡು ಪಕ್ಕಕ್ಕೂ ಹಬ್ಬಿತೆಂದೇ ಅರ್ಥ.