ಲೋಕಸಭೆಯಲ್ಲಿ ಒಂದು ಸಾಧಾರಣ ದಿನ

ಲೋಕಸಭೆಯೆಂಬ ಹೆಸರು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಅನೇಕರ ಕಣ್ಣಮುಂದೆ ಕಟ್ಟುವ ಚಿತ್ರ ಒಂದೇ. ಸದಸ್ಯರು ತಮ್ಮ ಆಸನಗಳನ್ನು ಬಿಟ್ಟು ಸಭಾಧ್ಯಕ್ಷರ ಪೀಠದೆದುರಿಗೆ ನುಗ್ಗಿದ್ದಾರೆ. ಕಾಗದದ ಚೂರುಗಳು ಹಾರಾಡುತ್ತಿವೆ. ಸಭಾಧ್ಯಕ್ಷರು ಕೈಯೆತ್ತಿ ಏನನ್ನೋ ಹೇಳುತ್ತಿದ್ದಾರೆ. ಅದು ಯಾರಿಗೂ ಕೇಳಿಸುತ್ತಿಲ್ಲ. ಈ ಚಿತ್ರವನ್ನು ನಮಗೆ ಕೊಟ್ಟ ಪತ್ರಿಕೆಗಳನ್ನೂ ದೂರದರ್ಶನವನ್ನೂ ದೂಷಿಸಿ ಫಲವಿಲ್ಲ. ಮದುವೆಯ ಮನೆಯಲ್ಲಿ ಬೀಗರ ನಡುವೆ ಮಾತು ಬಂದರೆ ಊರಿಗೆಲ್ಲ ಸುದ್ದಿಯಾಗುತ್ತದೆ. ಐನೂರು ಎಲೆಯ ಊಟ ಸಾಂಗವಾಗಿ ನಡೆಯಿತೆಂದು ಯಾರು ಹೇಳಿಕೊಂಡು ತಿರುಗುತ್ತಾರೆ? ಗದ್ದಲವಿಲ್ಲದ ದಿನ ಆ ಸದನದಲ್ಲಿ ನಡೆಯುವುದೇನೆಂಬುದು ಬಹಳ ಕಾಲ ನನಗೂ ತಿಳಿದಿರಲಿಲ್ಲ. ಹಳಗನ್ನಡದ ಪದ್ಯಗಳಿಗೆ ಅನ್ವಯ ಹೇಳಿಕೊಂಡಿರುವ ನನಗೆ ಅದರ ಗೊಡವೆಯೂ ಇರಲಿಲ್ಲ. ಆ ಕಡೆಗೆ ನನ್ನ ಗಮನವನ್ನು ಎಳೆದವರು ನನ್ನ ಮಾವನವರು.

ಅವರು ಕೇಂದ್ರ ಸರ್ಕಾರದ ಒಂದು ಇಲಾಖೆಯಲ್ಲಿ ಹೆಡ್ ಕ್ಲರ್ಕಾಗಿ ನಿವೃತ್ತರಾದವರು. ನಿವೃತ್ತಿವೇತನದ ಲೆಕ್ಕದಲ್ಲಿ ಅವರ ಕೆಲವು ವರ್ಷಗಳ ತಾತ್ಕಾಲಿಕ ಸೇವೆಯನ್ನು ಬಿಟ್ಟಿದ್ದರು. ತಿಂಗಳಿಗೆ ಬಂದೊದಗಿದ ನಷ್ಟ ಬಹಳವೇನಲ್ಲ. ಅವರ ಔಷಧಿಯ ಖರ್ಚಿಗೆ ಸರಿಹೋಗುವಷ್ಟು. ಅರ್ಜಿಗಳಿಗೆ ಉತ್ತರ ಬಾರದಾಗ ಅವರು ತಮ್ಮ ಕ್ಷೇತ್ರದ ಲೋಕಸಭಾ ಸದಸ್ಯರಿಗೆ ಕಾಗದ ಬರೆದರು. ಮೂರು ತಿಂಗಳ ಮೇಲೆ ಒಂದು ಲಕೋಟೆ ಬಂತು. ಒಳಗಿದ್ದುದು ಲೋಕಸಭೆಯಲ್ಲಿ ಕೇಳಿದ ಒಂದು ಪ್ರಶ್ನೆ ಮತ್ತು ಮಂತ್ರಿಗಳ ಉತ್ತರದ ಪ್ರತಿ. ಇಂಥ ನೌಕರರು ಇರುವುದು ನಿಜವೇ ಎಂಬುದಕ್ಕೆ ‘ಹೌದು’. ಅವರ ಸೇವೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಾಗುವುದೇ ಎಂಬುದಕ್ಕೆ ‘ವಿಷಯವು ಪರಿಶೀಲನೆಯಲ್ಲಿದೆ’.

ನಾನು ನಕ್ಕುಬಿಟ್ಟೆ. ಮಾವನವರು ನಗಲಿಲ್ಲ. “ಅಳಿಯಂದಿರೇ, ಇದರಲ್ಲಿ ನನ್ನ ಹೆಸರಿಲ್ಲ. ಆದರೆ ವಿಷಯ ನನ್ನದೇ ಅಲ್ಲವೇ? ಮಂತ್ರಿಗಳು ಸದನಕ್ಕೆ ಹೇಳಿದ ಮಾತು ಇದು,” ಎಂದರು. ಆ ಕಾಗದ ಅವರ ಟ್ರಂಕಿನಲ್ಲಿ ಮನೆಯ ಪತ್ರಗಳ ಜೊತೆಗೆ ಸೇರಿತು.

ಮುಂದೆ ಒಂದು ಚಳಿಗಾಲದಲ್ಲಿ ದಿಲ್ಲಿಗೆ ಹೋಗುವ ಸಂದರ್ಭ ಬಂದಾಗ, ತಾಜಮಹಲಾದರೂ ಬೇಡ, ಲೋಕಸಭೆಯನ್ನು ನೋಡಬೇಕೆಂದು ಅವರು ಹಟ ಹಿಡಿದರು. ಆಗ ಸದನ ಸೇರುತ್ತಿದ್ದುದು 1927ರಲ್ಲಿ ಪ್ರಾರಂಭವಾದ, 144 ಕಂಬಗಳ ಆ ದುಂಡು ಭವನದಲ್ಲಿ. 2023ರ ಸೆಪ್ಟೆಂಬರ್ 19ರಿಂದ ಪಕ್ಕದ ಹೊಸ ಭವನದಲ್ಲಿ ಕಲಾಪಗಳು ನಡೆಯುತ್ತಿವೆ. ಅದೇ ವರ್ಷದ ಡಿಸೆಂಬರ್ 13ರಂದು ಇಬ್ಬರು ಪ್ರೇಕ್ಷಕರ ಗ್ಯಾಲರಿಯಿಂದ ಸದನದೊಳಕ್ಕೆ ಹಾರಿದ ಮೇಲೆ ಪಾಸಿನ ವ್ಯವಸ್ಥೆ ಬಿಗಿಯಾಯಿತು. ನಾವು ಹೋದಾಗ ಅಷ್ಟು ಕಷ್ಟವಿರಲಿಲ್ಲ. ಆದರೂ ಫೋನು, ಚೀಲ, ಕೊಡೆ, ಲೇಖನಿ ಎಲ್ಲವನ್ನೂ ಹೊರಗೆ ಒಪ್ಪಿಸಿ, ಬರಿಗೈಯಲ್ಲಿ ದೇವಸ್ಥಾನಕ್ಕೆ ಹೋಗುವವರಂತೆ ಒಳಗೆ ಹೋದೆವು.

ನಮಗೆ ಸಿಕ್ಕಿದ್ದು ಮಧ್ಯಾಹ್ನ ಮೂರು ಗಂಟೆಯ ಸಮಯ. ಕೆಳಗೆ ಹಸಿರು ಜಮಖಾನ. ಸಾಲುಸಾಲಾಗಿ ಖಾಲಿ ಆಸನಗಳು. ಇದ್ದ ಸದಸ್ಯರನ್ನು ಎಣಿಸಬಹುದಾಗಿತ್ತು. ಯಾವುದೋ ತಿದ್ದುಪಡಿ ಮಸೂದೆಯ ಮೇಲೆ ಒಬ್ಬರು ಮಾತನಾಡುತ್ತಿದ್ದರು, ಇನ್ನೊಬ್ಬರು ಆಕಳಿಸುತ್ತಿದ್ದರು. “ಇಷ್ಟೇ ಏನು?” ಎಂದು ಮಾವನವರು ನನ್ನ ಕಿವಿಯಲ್ಲಿ ಕೇಳಿದರು, ಕಾವಲಿನವರು ಕಣ್ಣು ಬಿಟ್ಟರು. ಸದನದ ಒಟ್ಟು ಸದಸ್ಯರಲ್ಲಿ ಹತ್ತರಲ್ಲೊಂದು ಪಾಲು, ಎಂದರೆ 55 ಮಂದಿ ಇದ್ದರೆ ಕಲಾಪ ನಡೆಯಬಹುದೆಂಬುದು ನಿಯಮ. ಅದಕ್ಕಿಂತ ಕಡಿಮೆಯಿದ್ದರೂ ಯಾರಾದರೊಬ್ಬರು ಎದ್ದು ‘ಕೋರಂ ಇಲ್ಲ’ ಎನ್ನುವವರೆಗೆ ಸಭೆ ನಡೆಯುತ್ತಲೇ ಇರುತ್ತದೆ. ಎಂದರೆ ಗಂಟೆ ಬಾರಿಸುತ್ತಾರೆ. ಕ್ಯಾಂಟೀನಿನಿಂದಲೋ ಗ್ರಂಥಾಲಯದಿಂದಲೋ ಸದಸ್ಯರು ಬರುತ್ತಾರೆ. ಎಣಿಕೆ ಮುಗಿದ ಮೇಲೆ ಬಂದ ದಾರಿಯಲ್ಲೇ ಹಿಂದಿರುಗುತ್ತಾರೆ. ನಮ್ಮ ಕಾಲೇಜಿನ ಹಾಜರಿಗೂ ಇದಕ್ಕೂ ಬಹಳ ವ್ಯತ್ಯಾಸವೇನೂ ನನಗೆ ಕಾಣಲಿಲ್ಲ.

ಆದರೆ ಮಾವನವರ ದೃಷ್ಟಿ ಬೇರೊಂದು ಕಡೆ ನೆಟ್ಟಿತ್ತು. ಸಭಾಧ್ಯಕ್ಷರ ಪೀಠದ ಕೆಳಗೆ ಮೇಜಿನ ಬಳಿ ಕುಳಿತು ವರದಿಗಾರರು ಶೀಘ್ರಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದರು. ಐದೈದು ನಿಮಿಷಕ್ಕೆ ಒಬ್ಬರು ಎದ್ದು ಹೋಗುವರು, ಇನ್ನೊಬ್ಬರು ಸದ್ದಿಲ್ಲದೆ ಬಂದು ಕುಳಿತು ಮುಂದುವರಿಸುವರು. ಮಾವನವರು ಯೌವನದಲ್ಲಿ ಶೀಘ್ರಲಿಪಿಯ ಸೀನಿಯರ್ ಪರೀಕ್ಷೆ ಪಾಸು ಮಾಡಿದವರು. “ನೋಡಿ, ಒಂದು ಶಬ್ದವೂ ಬಿಟ್ಟುಹೋಗುವುದಿಲ್ಲ,” ಎಂದು ಹೊರಗೆ ಬಂದ ಮೇಲೆ ಹತ್ತು ಸಲವಾದರೂ ಹೇಳಿದರು. ಖಾಲಿ ಆಸನಗಳಿಗೆ ಹೇಳಿದ ಮಾತೂ ಅಚ್ಚಾಗಿ, ಸಂಪುಟವಾಗಿ ಉಳಿಯುತ್ತದೆಂಬುದು ಅವರಿಗೆ ಬಹು ದೊಡ್ಡ ಸಮಾಧಾನವಾಗಿತ್ತು.

ಊರಿಗೆ ಮರಳಿದ ಮೇಲೆ ನಾನೂ ಪುಸ್ತಕಗಳನ್ನು ತಿರುವಿಹಾಕತೊಡಗಿದೆ.

ಸದನದ ದಿನ ಹನ್ನೊಂದು ಗಂಟೆಗೆ ಪ್ರಾರಂಭವಾಗುತ್ತದೆ. ಹಿಂದಿನ ಅಥವಾ ಇಂದಿನ ಸದಸ್ಯರು ಯಾರಾದರೂ ತೀರಿಕೊಂಡಿದ್ದರೆ ಮೊದಲು ಸಂತಾಪ, ಮೌನ. ಆಮೇಲಿನ ಒಂದು ಗಂಟೆ ಪ್ರಶ್ನೋತ್ತರಕ್ಕೆ ಮೀಸಲು. ಮಂತ್ರಿಗಳು ಬಾಯಲ್ಲಿಯೇ ಉತ್ತರ ಹೇಳಬೇಕಾದ ಪ್ರಶ್ನೆಗಳಿಗೆ ಚುಕ್ಕೆ ಗುರುತು ಹಾಕಿರುತ್ತಾರೆ. ದಿನಕ್ಕೆ 20 ಇಂಥ ಪ್ರಶ್ನೆಗಳು. ಚುಕ್ಕೆಯಿಲ್ಲದವು 230, ಅವಕ್ಕೆ ಲಿಖಿತ ಉತ್ತರ. ಹದಿನೈದು ದಿನ ಮುಂಚೆ ಸೂಚನೆ ಕೊಟ್ಟಿರಬೇಕು. ಒಬ್ಬ ಸದಸ್ಯನಿಗೆ ದಿನಕ್ಕೆ ಚುಕ್ಕೆ ಗುರುತಿನ ಪ್ರಶ್ನೆ ಒಂದೇ. ಯಾರ ಪ್ರಶ್ನೆ ಮೊದಲು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುವರು. ಎಂಥ ಘಟಾನುಘಟಿಯಾದರೂ ಅಲ್ಲಿ ಅದೃಷ್ಟವನ್ನೇ ನಂಬಿರಬೇಕು.

ಚುಕ್ಕೆಯ ಮಹಿಮೆ ಇರುವುದು ಉಪಪ್ರಶ್ನೆಗಳಲ್ಲಿ. ಅಚ್ಚಾದ ಪ್ರಶ್ನೆಗೆ ಅಧಿಕಾರಿಗಳು ಬರೆದುಕೊಟ್ಟ ಉತ್ತರವನ್ನು ಮಂತ್ರಿಗಳು ಓದಬಹುದು. ಆದರೆ ಅದರ ಬೆನ್ನಿಗೇ ಬರುವ ಉಪಪ್ರಶ್ನೆಗೆ ತಾವೇ ಉತ್ತರಿಸಬೇಕು. ವಿಷಯ ತಿಳಿದವರಾರು, ಕಡತವನ್ನೇ ನೋಡದವರಾರು ಎಂಬುದು ಅಲ್ಲಿ ನಿಚ್ಚಳವಾಗಿ ಹೊರಬೀಳುತ್ತದೆ.

ಈ ಹಕ್ಕು ನಮಗೆ ಸುಲಭದಲ್ಲಿ ಬಂದದ್ದಲ್ಲ. ಬ್ರಿಟಿಷರ ಕಾಲದ ಶಾಸನಸಭೆಯಲ್ಲಿ ಪ್ರಶ್ನೆ ಕೇಳುವ ಅಧಿಕಾರ ದೊರೆತದ್ದು 1892ರ ಕಾನೂನಿನಿಂದ. ಮರುವರ್ಷ ಭಿಂಗಾದ ರಾಜರು ಕೇಳಿದ ಮೊದಲ ಪ್ರಶ್ನೆ ಯುದ್ಧದ ವಿಷಯವಲ್ಲ, ಖಜಾನೆಯ ವಿಷಯವಲ್ಲ. ಸಾಹೇಬರುಗಳು ಹಳ್ಳಿಗಳ ಮೇಲೆ ಸರ್ಕೀಟು ಹೊರಟಾಗ ಅವರ ಬಿಡಾರಕ್ಕೆ ಸಾಮಾನು ಒದಗಿಸುವುದರಲ್ಲಿ ಹಳ್ಳಿಯ ಅಂಗಡಿಕಾರರಿಗೆ ಆಗುತ್ತಿದ್ದ ಕಷ್ಟವನ್ನು ಕುರಿತದ್ದು. ಉತ್ತರಕ್ಕೆ ಪ್ರತಿಯಾಗಿ ಉಪಪ್ರಶ್ನೆ ಹಾಕುವ ಹಕ್ಕು ಅಂದು ಇರಲಿಲ್ಲ; ಅದಕ್ಕೆ 1909ರ ಸುಧಾರಣೆಗಳವರೆಗೆ ಕಾಯಬೇಕಾಯಿತು. ಒಬ್ಬ ಅರಸರ ಬಾಯಲ್ಲಿ ಅಂಗಡಿಕಾರನ ಅಕ್ಕಿಬೇಳೆಯ ಮಾತು ಬಂದದ್ದನ್ನು ಓದಿ ಮಾವನವರು ಬಹಳ ಸಂತೋಷಪಟ್ಟರು. “ಹಾಗಾದರೆ ನನ್ನ ಪಿಂಚಣಿ ಸಣ್ಣ ವಿಷಯವಲ್ಲ ಬಿಡಿ,” ಎಂದರು.

ಸಣ್ಣ ಪ್ರಶ್ನೆ ದೊಡ್ಡದಾದ ಕಥೆಯೂ ಉಂಟು. 1956ರಲ್ಲಿ ಜೀವವಿಮಾ ನಿಗಮ ಸ್ಥಾಪನೆಯಾಯಿತು. ಮಧ್ಯಮ ವರ್ಗದವರು ಹೊಟ್ಟೆ ಬಟ್ಟೆ ಕಟ್ಟಿ ಕೂಡಿಟ್ಟ ಹಣ ಅದು. ಮರುವರ್ಷವೇ ಅದರಲ್ಲಿ ಒಂದೂಕಾಲು ಕೋಟಿ ರೂಪಾಯಿಗಳಷ್ಟು ಹಣ ಹರಿದಾಸ್ ಮುಂದ್ರಾ ಎಂಬ ವ್ಯಾಪಾರಿಯ ಆರು ಕಂಪನಿಗಳ ಷೇರುಗಳಿಗೆ ಹೋಯಿತು. ಲೋಕಸಭೆಯಲ್ಲಿ ಅದನ್ನು ಕುರಿತು ಪ್ರಶ್ನೆಗಳು ಬಂದವು, ಉತ್ತರಗಳು ನುಣುಚಿಕೊಂಡವು. 1957ರ ಡಿಸೆಂಬರ್ 16ರಂದು ಫಿರೋಜ್ ಗಾಂಧಿಯವರು ಎದ್ದು ನಿಂತು ವ್ಯವಹಾರವನ್ನೆಲ್ಲ ಬಿಡಿಸಿ ಹೇಳಿದರು. ಅವರು ಆಳುವ ಪಕ್ಷದವರೇ, ಪ್ರಧಾನಿ ನೆಹರೂ ಅವರ ಅಳಿಯಂದಿರು ಬೇರೆ. ನ್ಯಾಯಮೂರ್ತಿ ಎಂ. ಸಿ. ಛಾಗ್ಲಾ ಅವರು ಬಹಿರಂಗವಾಗಿ ವಿಚಾರಣೆ ನಡೆಸಿದರು. 1958ರ ಫೆಬ್ರವರಿಯಲ್ಲಿ ಹಣಕಾಸಿನ ಮಂತ್ರಿ ಟಿ. ಟಿ. ಕೃಷ್ಣಮಾಚಾರಿಯವರು ಅಧಿಕಾರ ಬಿಟ್ಟಿಳಿದರು.

ಹನ್ನೆರಡು ಗಂಟೆಯ ಮೇಲೆ ಮೇಜಿನ ಮೇಲೆ ಕಾಗದಪತ್ರಗಳನ್ನಿಡುವ ಕಾರ್ಯ. ನೋಡುವವರಿಗೆ ಇದಕ್ಕಿಂತ ನೀರಸವಾದದ್ದಿಲ್ಲ: ಒಬ್ಬೊಬ್ಬ ಮಂತ್ರಿಯೂ ಎದ್ದು ಒಂದು ವಾಕ್ಯ ಹೇಳಿ ಕೂರುವರು. ಆದರೆ ವಾರ್ಷಿಕ ವರದಿಗಳೂ ಲೆಕ್ಕಪರಿಶೋಧಕರ ಆಕ್ಷೇಪಣೆಗಳೂ ಕಾನೂನಿನ ಕೆಳಗೆ ಇಲಾಖೆಗಳು ಮಾಡಿದ ನಿಯಮಗಳೂ ಬೆಳಕಿಗೆ ಬರುವುದು ಈ ದಾರಿಯಿಂದಲೇ. ಅನಂತರ ಶೂನ್ಯ ವೇಳೆ. ಈ ಹೆಸರು ನಿಯಮಾವಳಿಯಲ್ಲೆಲ್ಲೂ ಇಲ್ಲ, ರೂಢಿಯಿಂದ ಬಂದದ್ದು. ಒಬ್ಬರು ತಮ್ಮ ಊರಿನ ನೆರೆಯನ್ನು ಹೇಳುವರು, ಇನ್ನೊಬ್ಬರು ಈರುಳ್ಳಿಯ ಬೆಲೆಯನ್ನು. ಅಲ್ಲಿಂದ ಸಂಜೆಯವರೆಗೆ ಮಸೂದೆಗಳು. ಮತ ಎಣಿಸಬೇಕಾದಾಗ ಮೂರೂವರೆ ನಿಮಿಷ ಗಂಟೆ ಬಾರಿಸಿ ಬಾಗಿಲು ಹಾಕುತ್ತಾರೆ. ತಡವಾಗಿ ಓಡಿಬಂದವರು ಹೊರಗೇ. ಶುಕ್ರವಾರದ ಕೊನೆಯ ಎರಡೂವರೆ ಗಂಟೆ ಮಂತ್ರಿಗಳಲ್ಲದ ಸದಸ್ಯರ ಸ್ವಂತ ಮಸೂದೆಗಳಿಗೆ ಬಿಟ್ಟದ್ದು. ಹೀಗೆ ಬಂದು ಕಾನೂನಾದವು ಒಟ್ಟು ಹದಿನಾಲ್ಕು; 1970ರ ಮೇಲೆ ಒಂದೂ ಇಲ್ಲ.

ಕನ್ನಡಿಗರಿಗೆ ಆ ಸದನದೊಡನೆ ಬೇರೊಂದು ನೆನಪೂ ಇದೆ. ಹಿಂದಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಸರಿಯಾಗಿ ಹೇಳಲಾರದವರಿಗೆ ಸಭಾಧ್ಯಕ್ಷರು ಮಾತೃಭಾಷೆಯಲ್ಲಿ ಮಾತನಾಡಲು ಅನುಮತಿ ಕೊಡಬಹುದೆಂದು ಸಂವಿಧಾನವೇ ಹೇಳುತ್ತದೆ. 1967ರಲ್ಲಿ ಶಿವಮೊಗ್ಗದಿಂದ ಆಯ್ಕೆಯಾಗಿ ಹೋದ ಜೆ. ಎಚ್. ಪಟೇಲರು ಅಲ್ಲಿ ಕನ್ನಡದಲ್ಲಿಯೇ ಮಾತನಾಡಿದರು. ಇಂಗ್ಲಿಷ್ ಬಾರದೆ ಅಲ್ಲ, ಚೆನ್ನಾಗಿ ಬಲ್ಲವರು. ಆಗ ಸಭಾಧ್ಯಕ್ಷರಾಗಿದ್ದವರು ನೀಲಂ ಸಂಜೀವರೆಡ್ಡಿಯವರು. ಹತ್ತು ವರ್ಷಗಳ ಮೇಲೆ, 1977ರಲ್ಲಿ, ಅದೇ ಪೀಠದ ಮೇಲೆ ಕಾರ್ಕಳದ ಬಳಿಯ ನಿಟ್ಟೆಯ ಕೆ. ಎಸ್. ಹೆಗ್ಡೆಯವರು ಕುಳಿತರು.

ಇನ್ನು ಮಾವನವರ ‘ಪರಿಶೀಲನೆ’ಗೆ ಬರುತ್ತೇನೆ. ನಾನು ನಕ್ಕದ್ದು ತಪ್ಪಾಗಿತ್ತು. 1953ರ ಡಿಸೆಂಬರಿನಲ್ಲಿಯೇ ಲೋಕಸಭೆ ಸರ್ಕಾರದ ಭರವಸೆಗಳ ಸಮಿತಿಯೆಂಬುದೊಂದನ್ನು ನೇಮಿಸಿತು. ಮಂತ್ರಿಗಳ ಮಾತುಗಳನ್ನೆಲ್ಲ ಜರಡಿ ಹಿಡಿದು, ‘ವಿಚಾರಿಸಿ ಹೇಳುತ್ತೇನೆ’, ‘ವಿವರಗಳನ್ನು ತರಿಸಲಾಗುತ್ತಿದೆ’, ‘ಪರಿಶೀಲನೆಯಲ್ಲಿದೆ’ ಎಂಬಂಥವನ್ನು ಆರಿಸಿ ತೆಗೆಯುತ್ತಾರೆ. ಯಾವ ಯಾವ ನುಡಿಗಟ್ಟು ಭರವಸೆಯೆನಿಸುತ್ತದೆಂಬುದಕ್ಕೆ ಒಂದು ಪಟ್ಟಿಯೇ ಇದೆ. ಭಾಷೆಯ ಮೇಷ್ಟ್ರಾದ ನನಗೆ ಆ ಪಟ್ಟಿಯಷ್ಟು ರುಚಿಸಿದ ನಿಘಂಟು ಇನ್ನೊಂದಿಲ್ಲ. ಜಾರಿಕೊಳ್ಳುವ ಮಾತನ್ನೇ ಅದು ಸಾಲದ ಪತ್ರವಾಗಿ ಮಾಡಿಬಿಡುತ್ತದೆ. ಮೂರು ತಿಂಗಳಲ್ಲಿ ಇಲಾಖೆ ಮಾತನ್ನು ಪೂರೈಸಬೇಕು. ಆಗದಿದ್ದರೆ ಕಾರಣ ಹೇಳಿ ಸಮಿತಿಯಿಂದ ಗಡುವು ಕೇಳಬೇಕು. ವರ್ಷಗಟ್ಟಲೆ ಗಡುವು ಕೇಳುತ್ತಲೇ ಇರುವುದೂ ಉಂಟೆನ್ನಿ. ಆದರೂ ಆ ಲೆಕ್ಕ ಪುಸ್ತಕದಿಂದ ತಾನಾಗಿ ಅಳಿಸಿಹೋಗುವುದಿಲ್ಲ.

ಗದ್ದಲದಿಂದ ಸದನ ಮುಂದೂಡಿತೆಂದು ಓದುವಾಗ ಈಗ ನನಗೆ ಕಾಣುವುದು ಕಾಗದದ ಚೂರುಗಳಲ್ಲ, ಆ ಮೊದಲ ಗಂಟೆ. 2020ರ ಸೆಪ್ಟೆಂಬರಿನ ಅಧಿವೇಶನದಲ್ಲಿ ಸಾಂಕ್ರಾಮಿಕದ ಕಾರಣದಿಂದ ಪ್ರಶ್ನೋತ್ತರ ವೇಳೆಯನ್ನೇ ಬಿಟ್ಟಿದ್ದರು. ಲಿಖಿತ ಉತ್ತರಗಳು ಮಾತ್ರ ಬಂದವು. 2025ರ ಮಳೆಗಾಲದ ಅಧಿವೇಶನದಲ್ಲಿ ಪಟ್ಟಿಯಲ್ಲಿದ್ದ ಚುಕ್ಕೆ ಗುರುತಿನ ಪ್ರಶ್ನೆಗಳು 419. ಬಾಯಲ್ಲಿ ಉತ್ತರ ಬಂದದ್ದು 55ಕ್ಕೆ. ಉಳಿದ ಪ್ರಶ್ನೆಗಳ ಹಿಂದೆ ಎಷ್ಟು ಟ್ರಂಕುಗಳಿವೆಯೋ! ವಿರೋಧ ಪಕ್ಷದವರಿಗೆ ಗದ್ದಲ ಮಾಡಲು ಕಾರಣಗಳಿರುತ್ತವೆ, ಆಳುವವರಿಗೆ ಅದನ್ನು ನಿಲ್ಲಿಸದಿರಲೂ ಕಾರಣಗಳಿರುತ್ತವೆ. ನುಣುಚಿಕೊಂಡ ಉತ್ತರದ ಮೇಲೆ ಉಪಪ್ರಶ್ನೆ ಹಾಕುವ ಅವಕಾಶ ಮಾತ್ರ ಆ ದಿನದ ಮಟ್ಟಿಗೆ ಹೋದಂತೆಯೇ.

ಮಾವನವರ ಭರವಸೆ ಮೂರು ವರ್ಷ ಬಾಕಿಯಾಗಿತ್ತು. ಕೊನೆಗೆ ಆದೇಶ ಬಂತು: ತಾತ್ಕಾಲಿಕ ಸೇವೆಯನ್ನು ಲೆಕ್ಕಕ್ಕೆ ಹಿಡಿಯತಕ್ಕದ್ದು, ಆದರೆ ಇಂಥ ದಿನಾಂಕದ ಮೇಲೆ ನಿವೃತ್ತರಾದವರಿಗೆ ಮಾತ್ರ. ಮಾವನವರು ನಿವೃತ್ತರಾದದ್ದು ಆ ದಿನಾಂಕಕ್ಕೆ ಎರಡು ವರ್ಷ ಮುಂಚೆ. ಅವರಿಗೆ ಹೇಗೆ ಹೇಳುವುದೆಂದು ನಾವು ಹಿಂದೆ ಮುಂದೆ ನೋಡುತ್ತಿರುವಾಗಲೇ ಅವರಿಗೆ ಸುದ್ದಿ ತಲುಪಿತ್ತು. ಅವರ ಕಚೇರಿಯಲ್ಲಿ ಜವಾನನಾಗಿದ್ದವನು, ಆ ದಿನಾಂಕದ ಮೇಲೆ ನಿವೃತ್ತನಾದವನು, ಬಾಕಿಹಣ ಬಂತೆಂದು ಪೇಡಾ ತೆಗೆದುಕೊಂಡು ಮನೆಗೆ ಬಂದಿದ್ದ. ಅವನೆದುರಿಗೆ ಮಾವನವರು ಎರಡು ಪೇಡಾ ತಿಂದರು, ಸಕ್ಕರೆ ಕಾಯಿಲೆಯಿದ್ದರೂ. ರಾತ್ರಿ ಊಟ ಮಾಡಲಿಲ್ಲ.

ಮರುದಿನ ಬೆಳಗ್ಗೆ ನಾನು ಕಾಲೇಜಿಗೆ ಹೊರಡುವ ಹೊತ್ತಿಗೆ ಅವರು ಒಂದು ಹಾಳೆಯನ್ನು ತಂದು ನನ್ನ ಮುಂದಿಟ್ಟರು. ಇಂಗ್ಲಿಷಿನಲ್ಲಿ ಬರೆದ ಹೊಸ ಪ್ರಶ್ನೆ. ಆ ದಿನಾಂಕವನ್ನು ಯಾವ ಆಧಾರದ ಮೇಲೆ ಗೊತ್ತುಮಾಡಲಾಯಿತೆಂದು ಮಂತ್ರಿಗಳು ದಯಮಾಡಿ ತಿಳಿಸುವರೇ? ಪ್ರಶ್ನೆ 150 ಶಬ್ದಗಳನ್ನು ಮೀರಬಾರದೆಂಬ ನಿಯಮವನ್ನು ನಾನೇ ಅವರಿಗೆ ಹೇಳಿದ್ದೆ.

“ನೂರ ಅರವತ್ತಮೂರು ಆಗಿದೆ,” ಎಂದರು. “ಹದಿಮೂರು ತೆಗೆದುಕೊಡಿ. ನಿಮ್ಮ ಕಸುಬೇ ಅದಲ್ಲವೇ?”