‘ಮೈಸೂರು’ ನೌಕೆಯ ಚಿತ್ರಗಳು

ಕೋಡಿಂಬಾಳದಂತಹ ಒಳನಾಡಿನವರಿಗೆ ಯುದ್ಧನೌಕೆಯ ದರ್ಶನವಾಗುವುದು ಬಹುಮಟ್ಟಿಗೆ ಛಾಯಾಚಿತ್ರಗಳಲ್ಲಿಯೇ. ಅವನ್ನು ಓದುವ ಕ್ರಮವೊಂದುಂಟು. 1957ರಲ್ಲಿ ಭಾರತೀಯ ನೌಕಾಪಡೆಯನ್ನು ಸೇರಿದ ‘ಮೈಸೂರು’ ನೌಕೆ ಅದಕ್ಕೆ ಮೊದಲು ಬ್ರಿಟಿಷರ ‘ನೈಜೀರಿಯಾ’ ಆಗಿತ್ತು. ಮಹಾಯುದ್ಧಕ್ಕೆ ಕೆಲವೇ ವಾರ ಮೊದಲು, 1939ರ ಜುಲೈಯಲ್ಲಿ, ಅದು ನೀರಿಗಿಳಿಯಿತು. ಆಗಿನ್ನೂ ಫಿರಂಗಿಗಳಿಲ್ಲದ ಬರಿಯ ಒಡಲು. ಯುದ್ಧದ ಮೊದಲ ವರ್ಷಗಳಲ್ಲಿ ಮೂರು ಮೂರು ಫಿರಂಗಿಗಳ ನಾಲ್ಕು ಗೋಪುರಗಳು. ಮೈಮೇಲೆ ವೈರಿಯ ಅಂದಾಜು ತಪ್ಪಿಸುವ ಅಂಕುಡೊಂಕು ಬಣ್ಣ. ‘ಮೈಸೂರು’ ಆದಾಗ ಗೋಪುರಗಳು ಮೂರೇ. ಹೀಗೆ ಗೋಪುರಗಳ ಎಣಿಕೆಯಿಂದಲೇ ಚಿತ್ರದ ಕಾಲ ಅಂದಾಜಿಗೆ ಸಿಕ್ಕೀತು. ಆದರೆ 1942ರ ಆಗಸ್ಟ್‌ನಲ್ಲಿ, ಮಾಲ್ಟಾ ದ್ವೀಪದ ದಾರಿಯಲ್ಲಿ, ಇಟಲಿಯ ಜಲಾಂತರ್ಗಾಮಿಯ ಟಾರ್ಪೆಡೊ ತಗಲಿದಾಗ ಈ ನೌಕೆಯಲ್ಲಿ ಮಡಿದ ಸುಮಾರು 50 ನಾವಿಕರನ್ನು ಯಾವ ಎಣಿಕೆಯೂ ತೋರಿಸದು. ಚಿತ್ರವನ್ನು ಓದುವಾಗ ಅವರನ್ನೂ ನೆನೆಯಬೇಕು.